ಬರೆಯದೆ ಬಿಟ್ಟದ್ದು ಒಂದು ಹೇಳು

ಅವರು ತೀರಿಕೊಂಡ ವಾರದಲ್ಲೇ ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ಫೋಟೋಕ್ಕೆ ಮಲ್ಲಿಗೆ ಹಾರ ಹಾಕಿದ್ದರು. ಪ್ರಿನ್ಸಿಪಾಲರು ಜೇಬಿನಿಂದ ಕಾಗದ ತೆಗೆದು ಗಂಟಲು ಸರಿಮಾಡಿಕೊಂಡು ಓದಿದರು: ಮಿತಭಾಷಿ, ಮೃದುಹೃದಯಿ, ಪ್ರಯೋಗಾಲಯವೇ ಅವರ ದೇಗುಲವಾಗಿತ್ತು. ನಾನು ಬೆಚ್ಚಿಬಿದ್ದೆ. ಸಮಾಜಶಾಸ್ತ್ರ ಕಲಿಸುತ್ತಿದ್ದ ಮನುಷ್ಯನಿಗೆ ಪ್ರಯೋಗಾಲಯ ಎಲ್ಲಿಂದ ಬಂತು? ಪಕ್ಕದಲ್ಲಿ ಕುಳಿತಿದ್ದ ಗಣಿತದ ಮೇಡಂ ನನ್ನ ಕಿವಿಯ ಹತ್ತಿರ ಬಾಗಿ, "ಇದು ಕಳೆದ ವರ್ಷ ಕೆಮಿಸ್ಟ್ರಿಯವರು ಹೋದಾಗ ಓದಿದ್ದೇ ಅಲ್ವಾ? ಹೆಸರು ಮಾತ್ರ ಚೇಂಜ್ ಮಾಡಿದ್ದಾರೆ ಮಾರಾಯ್ರೆ" ಎಂದರು.

ಜೀವಮಾನವಿಡೀ ನಕಲಿನ ಮೇಲೆ ಕೈ ಎತ್ತಿದವರಿಗೆ ಕೊನೆಗೆ ಸಿಕ್ಕಿದ್ದು ನಕಲಿನ ಚರಮವಾಕ್ಯ. ಇನ್ನೂ ಇಬ್ಬರು ಮಾತನಾಡಿದರು. ಇಬ್ಬರೂ "ಹೊರಗೆ ಹಲಸಿನ ಮುಳ್ಳು, ಒಳಗೆ ತೊಳೆ" ಎಂದರು. ಒಬ್ಬರಾದರೂ ಆ ಹುಡುಗನ ಕಿವಿಯ ಸುದ್ದಿ ಎತ್ತಲಿಲ್ಲ. ಒಂದು ನಿಮಿಷದ ಮೌನಕ್ಕೆ ಎಲ್ಲರೂ ಎದ್ದು ನಿಂತಾಗ ನಾನು ಎದ್ದವಳು ಹಾಗೆಯೇ ಹೊರಗೆ ನಡೆದುಬಿಟ್ಟೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಹಾಗೆ ಆಡಿದರೆ ಅದು ಇವರ ಬಗ್ಗೆ ಆಡಿದಂತಾಗುವುದಿಲ್ಲ. ನಾನು ಅವರ ಕೈಕೆಳಗೆ ಅದೇ ವಿಭಾಗದಲ್ಲಿ ಹನ್ನೊಂದು ವರ್ಷ ದುಡಿದವಳು. ಅವರನ್ನು ಮೆಚ್ಚಿದ್ದೇನೆ, ಅವರಿಗೆ ಹೆದರಿದ್ದೇನೆ, ಒಮ್ಮೆ ಎದುರೆದುರೇ "ನೀವು ರಾಕ್ಷಸ" ಎಂದೂ ಹೇಳಿದ್ದೇನೆ. ಹೆಸರು ಬರೆಯುವುದಿಲ್ಲ. ಇನ್ನೊಬ್ಬರು ಬರೆದದ್ದರ ಮೇಲೆ ತನ್ನ ಹೆಸರು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಆರಡಿಯ ಆಳು. ಗದ್ದೆಗಳಿದ್ದ ಹಳೆಯ ಮನೆತನದವರು. ಗೇಣಿಗೆ ಕೊಟ್ಟ ಗದ್ದೆಗಳೆಲ್ಲ ಭೂಸುಧಾರಣೆಯಲ್ಲಿ ಒಕ್ಕಲಿನವರಿಗೆ ಹೋಗಿದ್ದವು. ಅದರ ಬಗ್ಗೆ ಒಂದು ದಿನವೂ ಗೊಣಗಿದ್ದಿಲ್ಲ. "ಉತ್ತವನದ್ದು ಗದ್ದೆ, ಬರೆದವನದ್ದು ಮಾತು. ಇದರಲ್ಲಿ ಎಂತ ಕಷ್ಟ ಉಂಟು ಅರ್ಥ ಆಗಲಿಕ್ಕೆ?" ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಮಂಗಳೂರಿನ ಕದ್ರಿ ಗುಡ್ಡೆಯ ಇಳಿಜಾರಿನಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ನಡೆದೇ ಬರುವರು, ಸಂಜೆ ನಡೆದೇ ಹೋಗುವರು. ಅವರ ಬಲಗೈ ನೋಡಿದವರು ಮರೆಯುವಂತಿರಲಿಲ್ಲ. ಅಂಗೈ ಮಣೆಯಷ್ಟು ಅಗಲ.

ನಾನು ಕೆಲಸಕ್ಕೆ ಸೇರಿದ ದಿನವೇ ಆ ಕೈಯ ಪರಿಚಯವಾಯಿತು. ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನಿಂದ ಮೊದಲು ಒಂದು ಕಟ್ಟು ಕಾಗದ ಹಾರಿಬಂತು, ಹಿಂದೆಯೇ ಒಂದು ಚಪ್ಪಲಿ, ಅದರ ಹಿಂದೆ ಆ ಚಪ್ಪಲಿಯ ಯಜಮಾನ. ಹುಡುಗ ನನ್ನ ಕಾಲ ಬುಡದಲ್ಲೇ ಬಂದು ಬಿದ್ದ. ಮೊಣಕಾಲು ಒಡೆದು ರಕ್ತ ಇಳಿಯುತ್ತಿತ್ತು. ಮೇಲೆ ನಿಂತ ಇವರು ನನ್ನನ್ನು ನೋಡಿ, "ಹೊಸ ಮೇಡಂ ನೀವಾ? ಬನ್ನಿ, ಕಾಫಿ ಕುಡಿಯುವ" ಎಂದರು, ಏನೂ ಆಗದವರ ಹಾಗೆ. ನಾನು ಕಾಫಿ ಬೇಡವೆಂದು ಹುಡುಗನ ಕಾಲಿಗೆ ಕರವಸ್ತ್ರ ಕಟ್ಟಲು ಕುಳಿತೆ. ಅದೇ ನಮ್ಮ ಮೊದಲ ಜಗಳ.

ಆಗ ನಮ್ಮ ವಿಭಾಗದಲ್ಲಿ ಅಂತಿಮ ವರ್ಷದವರು ಒಂದು ವರದಿ ಬರೆದು ಕೊಡಬೇಕಿತ್ತು. ವಿಷಯ ತೀರಾ ಸುಲಭ: ತಮ್ಮ ತಮ್ಮ ಮನೆ. ಮನೆಯ ಯಜಮಾನ ಯಾರು, ಆಸ್ತಿ ಯಾರಿಂದ ಯಾರಿಗೆ ಹೋಗುತ್ತದೆ, ಯಾರು ಯಾರ ಮಾತು ಕೇಳುತ್ತಾರೆ, ಯಾರು ಮೊದಲು ಉಣ್ಣುತ್ತಾರೆ. ವಿಭಾಗದ ಮುಖ್ಯಸ್ಥರು ಸಹಿ ಹಾಕಿದರೆ ಮಾತ್ರ ಪದವಿ. ತಾವು ಹುಟ್ಟಿ ಬೆಳೆದ ಮನೆಯ ಬಗ್ಗೆ ಇಪ್ಪತ್ತು ಪುಟ ಬರೆಯಲು ಯಾರಿಗೆ ನಕಲು ಬೇಕು ಎಂದು ನೀವು ಕೇಳಬಹುದು. ಎಲ್ಲರಿಗೂ ಬೇಕಿತ್ತು. ಹಿಂದಿನ ವರ್ಷದವರ ವರದಿ ಇಟ್ಟುಕೊಂಡು, ಹೆಸರು ಬದಲಿಸಿ, ಚಂದದ ಅಕ್ಷರದಲ್ಲಿ ಇಳಿಸುವುದು ಪರಂಪರೆಯೇ ಆಗಿಹೋಗಿತ್ತು. ಒಬ್ಬರು ಅಜ್ಜನಂತೂ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ನಮ್ಮ ವಿಭಾಗದಲ್ಲಿ ವರ್ಷಕ್ಕೊಮ್ಮೆ ತಪ್ಪದೆ ಸಾಯುತ್ತಿದ್ದರು.

ಇದನ್ನು ಹಿಡಿಯಲು ಅವರದ್ದೇ ಒಂದು ವಿಧಾನವಿತ್ತು. ವರದಿಯನ್ನು ಮುಚ್ಚಿ ಮೇಜಿನ ಮೇಲಿಟ್ಟು, ಅದರ ಮೇಲೆ ಆ ಅಗಲದ ಅಂಗೈ ಊರಿ, "ಬರೆಯದೆ ಬಿಟ್ಟದ್ದು ಒಂದು ಹೇಳು" ಎನ್ನುತ್ತಿದ್ದರು. ಬರೆದದ್ದನ್ನು ಯಾರು ಬೇಕಾದರೂ ಬಾಯಿಪಾಠ ಮಾಡಿ ಒಪ್ಪಿಸಬಹುದು. ತಾನೇ ಬರೆದವನಿಗೆ ಮಾತ್ರ ಬಿಟ್ಟದ್ದು ಗೊತ್ತಿರುತ್ತದೆ. ಸ್ವಂತ ಬರೆದವರು ತಲೆ ತಗ್ಗಿಸಿ ಏನಾದರೊಂದು ಹೇಳಿಬಿಡುವರು: ಚಿಕ್ಕಮ್ಮ ಬೇರೆ ಒಲೆ ಹೂಡಿದ್ದು, ಅಪ್ಪ ಕುಡಿಯುವುದು, ಅಕ್ಕನ ಮುರಿದ ನಿಶ್ಚಿತಾರ್ಥ. ಕೇಳಿ, "ಆಯ್ತು, ಅದು ನಿನ್ನಲ್ಲೇ ಇರಲಿ" ಎಂದು ಸಹಿ ಹಾಕುವರು. ನಕಲಿನವರು ಬಾಯಿ ತೆರೆದು ನಿಲ್ಲುವರು. ನಿಂತರೆ ಏಟು. ಡಸ್ಟರ್, ಸ್ಕೇಲು, ಕೈಗೆ ಸಿಕ್ಕಿದ್ದು. ಏನೂ ಸಿಗದಿದ್ದರೆ ಕೈ.

ಆ ಪ್ರಶ್ನೆಗೆ ನಾನು ಇವತ್ತಿಗೂ ತಲೆಬಾಗುತ್ತೇನೆ. ಆ ಕೈಗೆ ಬಾಗುವುದಿಲ್ಲ. ಎರಡೂ ಒಬ್ಬನೇ ಮನುಷ್ಯನಲ್ಲಿದ್ದವು ಎಂಬುದೇ ನನ್ನ ಕಷ್ಟ.

ಟೈಪ್‌ರೈಟರಿನ ಕತೆಯನ್ನು ಮಂಗಳೂರಿನಲ್ಲಿ ಈಗಲೂ ನಗುತ್ತಾ ಹೇಳುತ್ತಾರೆ. ಪೇಟೆಯ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನವರು ಹಳೆಯ ವರದಿಗಳನ್ನು ಇಟ್ಟುಕೊಂಡು ಕೇಳಿದವರಿಗೆ ಹೆಸರು ಹಾಕಿ ಟೈಪ್ ಮಾಡಿ ಕೊಡುತ್ತಿದ್ದರು. ಇವರಿಗೆ ಸುಳಿವು ಸಿಕ್ಕಿತು. ಮಹಡಿ ಹತ್ತಿದರು, ಮಾತಿಲ್ಲ ಕತೆಯಿಲ್ಲ, ಟೈಪ್‌ರೈಟರ್ ಎತ್ತಿ ಕಿಟಕಿಯಿಂದ ಎಸೆದರು. ಅದು ಕೆಳಗೆ ನಿಂತಿದ್ದ ರಿಕ್ಷಾದ ಟಾಪು ಹರಿದುಕೊಂಡು ಸೀಟಿನ ಮೇಲೆ ಕುಳಿತಿತು. ಡ್ರೈವರು ಒಂದು ನಿಮಿಷ ಮೊದಲು ಬೀಡಿ ಕೊಳ್ಳಲು ಇಳಿದಿದ್ದನಂತೆ. "ಮೀಟರ್ ಹಾಕಬೇಕಿತ್ತು" ಎಂದು ನಗುತ್ತಾರೆ ಜನ. ಟೈಪ್ ಮಾಡುತ್ತಿದ್ದ ಹುಡುಗಿ ಹೆದರಿ ಕೆಲಸ ಬಿಟ್ಟು ಮನೆ ಸೇರಿದಳು. ಅವಳಿಗೆ ತಾನು ಟೈಪ್ ಮಾಡುವುದು ಏನೆಂದೇ ಗೊತ್ತಿರಲಿಲ್ಲ. ಕತೆ ಹೇಳುವವರು ಅವಳನ್ನು ಹೇಳುವುದಿಲ್ಲ.

ಇಷ್ಟೊಂದು ಸಿಟ್ಟು ಯಾಕೆಂದು ಎಲ್ಲರೂ ಒಂದೊಂದು ಕಾರಣ ಕಟ್ಟಿದ್ದರು. ಅವರ ಸಂಶೋಧನೆಯನ್ನು ಅವರ ಗುರುಗಳೇ ಕದ್ದು ಅಚ್ಚು ಹಾಕಿಸಿದರು ಎಂಬುದು ಬಹಳ ಜನಪ್ರಿಯವಾಗಿತ್ತು. ಒಮ್ಮೆ ಕೇಳಿಯೇಬಿಟ್ಟೆ. ಅವರು ಬಿದ್ದು ಬಿದ್ದು ನಕ್ಕರು. "ಇಲ್ಲ ಮಾರಾಯ್ರೆ! ನನ್ನದು ಕದಿಯುವಷ್ಟು ಚಂದ ಎಂತದೂ ಇರಲಿಲ್ಲ. ಸಿಟ್ಟು ನನಗೆ ಹುಟ್ಟಿನಿಂದ ಉಂಟು. ನನ್ನ ತಂದೆಗೂ ಇತ್ತು, ಅವರು ಆಳುಗಳಿಗೆ ಹೊಡೀತಿದ್ದರು. ನಾನು ಅದಕ್ಕೊಂದು ಒಳ್ಳೆಯ ಕೆಲಸ ಹುಡುಕಿದೆ ಅಷ್ಟೆ."

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ, ಮೊದಲು ಹೇಳಿದೆನಲ್ಲ, ಆ ಕಿವಿಯ ಹುಡುಗ ನಮ್ಮ ತರಗತಿಗೆ ಬಂದ. ತಂದೆ ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದರು, ವರ್ಷಕ್ಕೊಮ್ಮೆ ನೆಂಟರ ಹಾಗೆ ಬಂದು ಹೋಗುವರು. ಹುಡುಗ ಬೆಳೆದದ್ದು ತಾಯಿಯ ಮನೆಯಲ್ಲಿ, ಕದ್ರಿಯಲ್ಲಿ. ಅವರದ್ದು ಅಳಿಯಕಟ್ಟಿನ ಮನೆ. ಎಂದರೆ ಆಸ್ತಿ ಹೋಗುವುದು ಹೆಣ್ಣಿನ ದಾರಿಯಲ್ಲಿ, ಯಜಮಾನಿಕೆ ಸೋದರಮಾವನದ್ದು, ಅವನ ನಂತರ ಅಳಿಯನದ್ದು, ಅಂದರೆ ಸೋದರಿಯ ಮಗನದ್ದು. ಮಾವನಿಗೆ ಪಂಪ್‌ವೆಲ್ಲಿನಲ್ಲಿ ಲಾರಿ ಶೆಡ್ಡು ಇತ್ತು, ಊರೆಲ್ಲ ದೋಸ್ತಿ ಇತ್ತು. ಹುಡುಗ ಪಾಪದವನು. ಕೇಳಿದ್ದಕ್ಕೆಲ್ಲ ನಗುವುದು ಅವನ ಅಭ್ಯಾಸ.

ಅವನು ವರದಿ ಕೊಟ್ಟ. ಇವರು ಓದಿದರು, ಮರುದಿನ ತರಗತಿಯಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿದರು. ನಾನು ಪಕ್ಕದ ಕೋಣೆಯಲ್ಲಿ ಪಾಠ ಮಾಡುತ್ತಿದ್ದೆ. ನಡುವೆ ಇದ್ದದ್ದು ಹಲಗೆಯ ಗೋಡೆ, ಎಲ್ಲವೂ ಕೇಳುತ್ತಿತ್ತು.

"ನಿನ್ನ ಮನೆಯ ಯಜಮಾನ ಯಾರು?"

"ಮಾವ, ಸರ್."

"ಇದರಲ್ಲಿ ಎಂತ ಬರ್ದಿದ್ದಿ?"

ಇವರೇ ಓದಿದರು: "'ನಮ್ಮ ಮನೆಯ ಯಜಮಾನರು ನನ್ನ ತಂದೆಯ ತಂದೆ. ಅವರು ಸ್ನಾನದ ಮನೆಯಲ್ಲಿ ಜಾರಿ ಬಿದ್ದು ತೀರಿಕೊಂಡ ಮೇಲೆ ಆಸ್ತಿಯು ಗಂಡುಮಕ್ಕಳಿಗೆ ಪಾಲಾಯಿತು. ಸೋದರಮಾವಂದಿರು ಹಬ್ಬಕ್ಕೆ ಮಾತ್ರ ಬರುತ್ತಾರೆ.' ಹೌದಾ? ನಿನ್ನ ಮಾವ ಹಬ್ಬಕ್ಕೆ ಬರುದಾ? ನೀನು ಇರುವುದೇ ಅವರ ಮನೆಯಲ್ಲಿ ಅಲ್ವಾ? ನಿನ್ನ ತಂದೆಯ ಮನೆಯ ಆಸ್ತಿಯಲ್ಲಿ ನಿನಗೆ ಒಂದು ತೆಂಗಿನಕಾಯಿಯೂ ಇಲ್ಲ ಅಂತ ಕೂಡ ಗೊತ್ತಿಲ್ವಾ? ಓದಿಯಾದರೂ ಕದಿಯಬಾರದಾ ಮಾರಾಯ!"

ತರಗತಿ ಹೋ ಎಂದು ನಕ್ಕಿತು. ಅಭ್ಯಾಸದಂತೆ ಹುಡುಗನೂ ನಕ್ಕ. ಆ ನಗುವಿಗೆ ಏಟು ಬಿತ್ತು. ಹಲಗೆಯ ಗೋಡೆಯಾಚೆ ನನಗೆ ಅದು ಬಾಗಿಲು ಬಡಿದಂತೆ ಕೇಳಿಸಿತು. ನಾನು ಓಡಿಹೋದಾಗ ಹುಡುಗ ಡೆಸ್ಕಿನ ಸಂದಿಯಲ್ಲಿ ಬಿದ್ದಿದ್ದ. ಎಡ ಕಿವಿಯಿಂದ ರಕ್ತ ಬಂದು ಅಂಗಿಯ ಕಾಲರು ಒದ್ದೆಯಾಗಿತ್ತು. ಯಾರೂ ನಗುತ್ತಿರಲಿಲ್ಲ. ಇವರು ತಮ್ಮ ಕೈಯನ್ನೇ ನೋಡುತ್ತಾ ನಿಂತಿದ್ದರು. "ನೀವು ರಾಕ್ಷಸ" ಎಂದು ನಾನು ಹೇಳಿದ್ದು ಆಗಲೇ, ಅಷ್ಟೂ ವಿದ್ಯಾರ್ಥಿಗಳ ಎದುರು. ಅವರು ಹುಡುಗನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದು ಆಸ್ಪತ್ರೆಗೆ ಓಡಿದರು. ಕಿವಿಯ ತಮಟೆ ಹರಿದುಹೋಗಿತ್ತು, ಆ ಕಿವಿ ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದರು.

ಮಾವ ಕಾಲೇಜಿಗೆ ಬಂದದ್ದು ಬಿಳಿ ಪಂಚೆ, ಬಿಳಿ ಅಂಗಿಯಲ್ಲಿ. ಒಂದು ಮಾತೂ ಜೋರಾಗಿ ಆಡಲಿಲ್ಲ. ಅವರು ಹೋದ ಮೇಲೆ ಪ್ರಿನ್ಸಿಪಾಲರು ನಮ್ಮನ್ನು ಕರೆಸಿದರು. ಎರಡು ಷರತ್ತು: ಮೇಷ್ಟ್ರು ಮನೆಗೆ ಬಂದು ಹುಡುಗನಲ್ಲಿ ತಪ್ಪೊಪ್ಪಿಕೊಳ್ಳಬೇಕು, ಮತ್ತು ಆ ವರದಿಗೆ ಸಹಿ ಹಾಕಿ ಪಾಸು ಮಾಡಬೇಕು. ಹಾಗಾದರೆ ಕೇಸಿಲ್ಲ. ಇಲ್ಲವಾದರೆ ಆಡಳಿತ ಮಂಡಳಿ ಅವರನ್ನು ಕೆಲಸದಿಂದ ತೆಗೆಯುವುದು ಖಂಡಿತ.

"ಮೊದಲನೆಯದ್ದು ಅವರು ಕೇಳಬೇಕಾಗಿಯೇ ಇರಲಿಲ್ಲ" ಎಂದರು ಇವರು. "ನಾನು ಇವತ್ತೇ ಹೋಗ್ತೇನೆ. ಎರಡನೆಯದ್ದು ಆಗುವುದಿಲ್ಲ."

"ಎಂತ ಹಟ ಇದು? ಒಂದು ಸಹಿ!" ಪ್ರಿನ್ಸಿಪಾಲರು ಮೇಜು ಗುದ್ದಿದರು. "ಹುಡುಗನ ಕಿವಿ ತೆಗೆದಾಯ್ತು, ಇನ್ನು ಅವನ ಡಿಗ್ರಿಯೂ ತೆಗೀಬೇಕಾ ನಿಮಗೆ?"

"ಕಿವಿ ತೆಗೆದದ್ದು ನನ್ನ ತಪ್ಪು. ಅದಕ್ಕೆ ನನ್ನನ್ನು ಜೈಲಿಗೆ ಹಾಕಿಸಲಿ. ನನ್ನ ತಪ್ಪನ್ನು ತೋರಿಸಿ ಅವನ ತಪ್ಪನ್ನು ಪಾಸು ಮಾಡಿಸಿದರೆ ಅವನಿಗೆ ಎಂತ ಸಿಕ್ಕಿತು ಹೇಳಿ? ಕಿವಿಯೂ ಹೋಯ್ತು, ವಿದ್ಯೆಯೂ ಹೋಯ್ತು. ಅವನು ತನ್ನ ಮನೆಯ ಬಗ್ಗೆ ತಾನೇ ಬರೆದು ತರಲಿ. ಎರಡು ಪುಟ ಸಾಕು. ಆ ಕ್ಷಣ ಸಹಿ ಹಾಕ್ತೇನೆ."

ಆ ಸಂಜೆ ಅವರು ಒಬ್ಬರೇ ಮಾವನ ಮನೆಗೆ ಹೋದರು. ಜೊತೆಗೆ ಬರುತ್ತೇನೆ ಎಂದೆ, ಬೇಡವೆಂದರು. ಮರುದಿನ ಬೆಳಿಗ್ಗೆ ನಂತೂರಿನ ಹೆದ್ದಾರಿಯ ಬದಿಯಲ್ಲಿ, ಚರಂಡಿಯ ಹತ್ತಿರ, ಹಾಲಿನವರಿಗೆ ಸಿಕ್ಕಿದರು. ಲಾರಿ ತಾಗಿದೆ ಎಂದರು ಎಲ್ಲರೂ. ನಂತೂರಿನಲ್ಲಿ ಲಾರಿ ತಾಗುವುದು ಯಾರಿಗೂ ಆಶ್ಚರ್ಯದ ಸಂಗತಿಯಲ್ಲ.

ಆಸ್ಪತ್ರೆಯಲ್ಲಿ ನಾನು ನೋಡಿದಾಗ ಅವರ ಮುಖ ಗುರುತು ಸಿಗುವಂತಿರಲಿಲ್ಲ. ಕಣ್ಣು ಎರಡೂ ಊದಿ ಮುಚ್ಚಿಕೊಂಡಿದ್ದವು. ಮೂರು ಪಕ್ಕೆಲುಬು ಮುರಿದಿದ್ದವು. ಬಲಗೈಯ ಬೆರಳುಗಳು ಪ್ಲಾಸ್ಟರಿನೊಳಗಿದ್ದವು, ಇನ್ನು ಹಿಡಿತ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. "ಲಾರಿ ಅಲ್ಲ" ಎಂದರು ಒಡೆದ ತುಟಿಯಲ್ಲಿ. ಮಾವನ ಅಂಗಳದಲ್ಲಿ ಶೆಡ್ಡಿನವರು ಹೊಡೆದು, ಲಾರಿಯಲ್ಲಿ ತಂದು ಅಲ್ಲಿ ಎಸೆದದ್ದು. ಪೊಲೀಸರಿಗೂ ಹಾಗೆಯೇ ಹೇಳಿದರು. ಪೊಲೀಸರು, ತಲೆಗೆ ಪೆಟ್ಟಾದವರಿಗೆ ಹಾಗೆಲ್ಲ ಅನಿಸುವುದುಂಟು ಎಂದರು. ಮೇಷ್ಟ್ರು ಕುಡಿದು ಬಂದಿದ್ದರು, ಗಲಾಟೆ ಮಾಡಿದರು, ಆದರೂ ಮರ್ಯಾದೆಯಿಂದ ಕಳಿಸಿಕೊಟ್ಟೆವು ಎಂದು ಆ ಮನೆಯ ದೊಡ್ಡವರೆಲ್ಲ ಆಗಲೇ ಸಹಿ ಹಾಕಿ ಕೊಟ್ಟಿದ್ದರು. ಆಡಳಿತ ಮಂಡಳಿಗೆ ಅಷ್ಟೇ ಸಾಕಾಗಿತ್ತು. ಕಣ್ಣಾರೆ ಕಂಡೆ ಎನ್ನುವ ಒಬ್ಬರು ಸಿಗದಿದ್ದರೆ ಇವರ ಕೆಲಸವೂ ಹೋಗುವುದು, ಮಾನವೂ ಹೋಗುವುದು ಎಂಬುದು ನಮಗೆಲ್ಲ ಸ್ಪಷ್ಟವಾಗಿತ್ತು.

ವರದಿ ಕೊಡುವ ಕೊನೆಯ ದಿನ ಆ ಹುಡುಗ ವಿಭಾಗಕ್ಕೆ ಬಂದ. ಕಿವಿಗೆ ಹತ್ತಿ ತುರುಕಿಕೊಂಡಿದ್ದ. ನನ್ನ ಕೈಗೆ ಮಡಚಿದ ಕಾಗದ ಕೊಟ್ಟು, "ಸರ್‌ಗೆ ಕೊಡಿ ಮೇಡಂ, ಇವತ್ತು ಲಾಸ್ಟ್ ಡೇಟ್" ಎಂದವನು ನಿಲ್ಲದೆ ಹೋಗಿಬಿಟ್ಟ.

ಸರ್‌ಗೆ ಓದಲು ಕಣ್ಣು ಬಿಡಲಾಗುತ್ತಿರಲಿಲ್ಲ. ನಾನೇ ಹಾಸಿಗೆಯ ಪಕ್ಕ ಕುಳಿತು ಓದಿದೆ. ಅಕ್ಷರ ಸೊಟ್ಟ, ಕಾಗುಣಿತ ದೇವರಿಗೇ ಪ್ರೀತಿ. ಬರೆದಿದ್ದದ್ದು ಹೀಗೆ:

'ನಮ್ಮ ಮನೆಯ ಯಜಮಾನರು ನನ್ನ ಮಾವ. ನನ್ನ ಅಮ್ಮ ಅವರಿಗಿಂತ ದೊಡ್ಡವರು, ಆದರೂ ಅವರೆದುರು ಕುಳಿತುಕೊಳ್ಳುವುದಿಲ್ಲ. ಮೊನ್ನೆ ಸರ್ ಬಂದರು. ಮಾವ "ಬಲೆ ಬಲೆ, ಕುಲ್ಲುಲೆ" ಎಂದು ತುಳುವಿನಲ್ಲಿ ಬರಮಾಡಿ ಕುಳ್ಳಿರಿಸಿದರು. ಅಮ್ಮ ಬೆಲ್ಲ ನೀರು ಕೊಟ್ಟರು. ಸರ್ ಕುಡಿದು, ಎದ್ದು ಬಂದು ನನ್ನ ಕಾಲು ಹಿಡಿದರು. ನನಗೆ ನಾಚಿಕೆಯಾಯಿತು. ಮಾವ ನನ್ನ ವರದಿಯ ಕಾಗದ ತಂದು ಸಹಿ ಹಾಕಿ ಎಂದರು. ಸರ್ ಆಗುವುದಿಲ್ಲ ಎಂದರು. ಮಾವ ಏನೂ ಹೇಳಲಿಲ್ಲ, ಹೊರಗೆ ನೋಡಿದರು. ನಮ್ಮ ಮನೆಯಲ್ಲಿ ಮಾವ ಹೊರಗೆ ನೋಡಿದರೆ ಶೆಡ್ಡಿನವರು ಒಳಗೆ ಬರಬೇಕು ಎಂದು ಅರ್ಥ. ಅಮ್ಮ ಸರ್ ಕುಡಿದ ಲೋಟ ತೆಗೆದುಕೊಂಡು ಒಳಗೆ ಹೋದರು. ಶೆಡ್ಡಿನವರು ಸರ್ ಅವರನ್ನು ಅಂಗಳಕ್ಕೆ ಎಳೆದು ಒದ್ದರು. ಬಿದ್ದ ಮೇಲೂ ಒದ್ದರು. ಹೊಡೆದ ಕೈ ಯಾವುದು ಎಂದು ಮಾವ ನನ್ನನ್ನು ಕೇಳಿದರು. ನಾನು ಬಲಗೈ ಎಂದೆ. ಅದನ್ನು ಜಗಲಿಯ ಕಲ್ಲಿನ ಮೇಲೆ ಇಟ್ಟು ಜಾಕಿ ರಾಡಿನಲ್ಲಿ ಹೊಡೆದರು. ಸರ್ ಕೂಗಿದ್ದು ನನಗೆ ಒಂದೇ ಕಿವಿಯಲ್ಲಿ ಕೇಳಿತು. ನಮ್ಮ ಮನೆಯಲ್ಲಿ ಯಾರು ಯಾರ ಮಾತು ಕೇಳುತ್ತಾರೆ ಎಂದರೆ, ಎಲ್ಲರೂ ಮಾವನ ಮಾತು ಕೇಳುತ್ತಾರೆ. ನಾನೂ ಕೇಳುತ್ತೇನೆ.'

ಓದಿ ಮುಗಿಸುವಾಗ ಅವರ ಮುಚ್ಚಿದ ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯತ್ತ ಹರಿಯಿತು. "ಸ್ವಂತದ್ದು" ಎಂದರು ಮೆಲ್ಲಗೆ. "ಪೂರ್ತಿ ಸ್ವಂತದ್ದು." ನಾನು ಪೆನ್ನು ಕೊಟ್ಟೆ, ಎಡಗೈಯಲ್ಲಿ ತಡವರಿಸಿ ಸಹಿ ಗೀಚಿದರು. "ಸ್ಪೆಲ್ಲಿಂಗ್ ಬಹಳ ತಪ್ಪುಂಟಾ?" ಎಂದು ಕೇಳಿದರು. ಉಂಟು ಎಂದೆ. "ಹಾಗಾದರೆ ಮಾರ್ಕು ಜಾಸ್ತಿ ಬೇಡ. ಪಾಸು ಸಾಕು."

"ಇದನ್ನು ಈಗಲೇ ಠಾಣೆಗೆ ಕೊಡುವ ಸರ್. ಇದಕ್ಕಿಂತ ಸಾಕ್ಷಿ ಬೇಕಾ?" ಎಂದೆ.

"ಬೇಡ."

"ಬೇಡವಾ? ನಿಮ್ಮ ಕೆಲಸ ಹೋಗ್ತದೆ ಸರ್!"

"ಅವನು ಇದನ್ನು ನನಗೆ ವರದಿ ಅಂತ ಕೊಟ್ಟದ್ದು. ಅವನನ್ನು ಕೇಳದೆ ನನ್ನ ಕೇಸಿಗೆ ನಾನು ಎತ್ತಿಕೊಂಡರೆ ಅದಕ್ಕೆ ಎಂತ ಹೇಳುದು ಮೇಡಂ? ಇಷ್ಟು ವರ್ಷ ನಾನು ಯಾವುದಕ್ಕೆ ಮಕ್ಕಳಿಗೆ ಹೊಡೆದದ್ದು?"

ಅವರಿಗೆ ಅಲ್ಲಿಯೇ ನಾನೂ ಒಂದು ಏಟು ಹೊಡೆಯಬೇಕು ಎನಿಸಿತು. ಸುಳ್ಳೇಕೆ ಹೇಳಲಿ. ಆದರೂ ಆ ಹುಡುಗನಿಗೆ ಹೇಳಿಕಳಿಸಿದೆ, ಅವನು ಮಧ್ಯಾಹ್ನ ಬಂದ. ಮೊದಲು ಕೇಳದ ಕಿವಿ ಇವರ ಕಡೆಗಾಗುವಂತೆ ನಿಂತಿದ್ದ. ನಾನು ಕೈ ಹಿಡಿದು ಅವನ ಬಲಕಿವಿ ಇವರ ಬಾಯಿಯ ಕಡೆಗೆ ಬರುವಂತೆ ನಿಲ್ಲಿಸಿದೆ.

"ಬರೆಯದೆ ಬಿಟ್ಟದ್ದು ಒಂದು ಹೇಳು" ಎಂದರು ಇವರು.

ಹುಡುಗ ನಗಲಿಲ್ಲ ಎಂಬುದನ್ನು ನಾನು ಗಮನಿಸಿದೆ. "ನೀವು ಅಂಗಳದಿಂದ ಬಾಗಿಲಿಗೆ ತೆವಳಿಕೊಂಡು ಬಂದಿರಿ ಸರ್. ಒಳಗಿನಿಂದ ಚಿಲಕ ಹಾಕಿದ್ದು ನಾನು."

"ಆಯ್ತು" ಎಂದರು. "ನನ್ನದೂ ಒಂದುಂಟು. ನಿನಗೆ ಹೊಡೆದಾಗ ನನಗೆ ಒಂದು ಕ್ಷಣ ಖುಷಿಯಾಗಿತ್ತು. ಅದನ್ನು ನಿನ್ನ ಮಾವನಿಗೂ ಹೇಳಲಿಲ್ಲ, ಪೊಲೀಸರಿಗೂ ಹೇಳಲಿಲ್ಲ." ಆಮೇಲೆ ಕಾಗದವನ್ನು ಅವನ ಕಡೆಗೆ ಸರಿಸಿದರು. "ಇದು ನಿನ್ನದು. ಎಂತ ಬೇಕಾದರೂ ಮಾಡು. ಹರಿದು ಬಿಸಾಡಿದರೂ ನೀನು ಪಾಸು."

ನಂತರದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಇವರ ಕೆಲಸ ಉಳಿಯಿತು. ಶೆಡ್ಡಿನ ಇಬ್ಬರಿಗೆ ಜೈಲಾಯಿತು, ಮಾವನಿಗೆ ಆಗಲಿಲ್ಲ. ಬಲಗೈಗೆ ಹಿಡಿತ ಬರಲಿಲ್ಲ. ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿತರು. ಆಮೇಲೆ ಅವರು ಯಾರಿಗೂ ಹೊಡೆಯಲಿಲ್ಲ. ಕೈ ಹೋದದ್ದಕ್ಕೆ ಎಂದು ವಿದ್ಯಾರ್ಥಿಗಳು ಮಾತಾಡಿಕೊಳ್ಳುತ್ತಿದ್ದರು. ಎಡಗೈಯೂ ಅಷ್ಟೇ ಅಗಲವಿತ್ತು, ಅದು ಆ ಮಕ್ಕಳಿಗೆ ಹೊಳೆಯಲಿಲ್ಲ. ಸಿಟ್ಟೇನೂ ಕಡಿಮೆಯಾಗಲಿಲ್ಲ. ನಕಲು ಸಿಕ್ಕಿದರೆ ಕೋಣೆಯಿಂದ ಹೊರಗೆ ಹೋಗಿ ಮೈದಾನಕ್ಕೆ ಸುತ್ತು ಹಾಕಿ ಬೆವರು ಸುರಿಸಿಕೊಂಡು ಬಂದು ಮತ್ತೆ ಅದೇ ಪ್ರಶ್ನೆ ಕೇಳುವರು. ಕೇಳುತ್ತಾ ಕೇಳುತ್ತಾ ಆ ವಿದ್ಯಾರ್ಥಿಗೆ ಏನಾದರೊಂದು ನೆನಪಾಗುವವರೆಗೆ ಬಿಡುತ್ತಿರಲಿಲ್ಲ. ಅವರು ಒಳ್ಳೆಯ ಮೇಷ್ಟ್ರಾದದ್ದು ಆಗ. ಒಂದು ಕಿವಿ, ಒಂದು ಕೈ ಹೋಗಬೇಕಾಯಿತು ಅದಕ್ಕೆ. ಇಷ್ಟು ದುಬಾರಿಯ ಒಳ್ಳೆಯತನವನ್ನು ನಾನು ಹೊಗಳಲಾರೆ, ಅವರೂ ಹೊಗಳಿಸಿಕೊಳ್ಳುತ್ತಿರಲಿಲ್ಲ.

ಅಂದು ಮಧ್ಯಾಹ್ನ ಹುಡುಗ ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು ಆಸ್ಪತ್ರೆಯ ಮೆಟ್ಟಿಲಲ್ಲಿ ಕುಳಿತ. ಆಮೇಲೆ ಎದ್ದು, "ಮೇಡಂ, ಠಾಣೆಗೆ ಬರ್ತೀರಾ? ನೀವೆಂತ ಮಾತಾಡುದು ಬೇಡ, ಸುಮ್ಮನೆ ಇದ್ದರೆ ಸಾಕು" ಎಂದ. ನಡೆದೇ ಹೋದೆವು. ದಾರಿಯಲ್ಲಿ ಲಾರಿ ಹಾರ್ನ್ ಮಾಡಿದರೆ ಅವನು ತಪ್ಪು ದಿಕ್ಕಿಗೆ ತಿರುಗಿ ನೋಡುತ್ತಿದ್ದ, ನಾನು ಕೈ ಹಿಡಿದು ಬದಿಗೆ ಎಳೆಯುತ್ತಿದ್ದೆ.

ಹೆಡ್ ಕಾನ್‌ಸ್ಟೇಬಲ್ ಅವನನ್ನು ನೋಡಿ ಖುಷಿಪಟ್ಟ. "ಬಾ, ನಿನ್ನದೊಂದೇ ಬಾಕಿ ಇತ್ತು" ಎಂದು ಕಪಾಟಿನಿಂದ ಒಂದು ಹೇಳಿಕೆ ತೆಗೆದ. ಪೂರ್ತಿ ಬರೆದು ತಯಾರಾಗಿತ್ತು. ಮನೆಯವರೆಲ್ಲ ಸಹಿ ಹಾಕಿದ್ದ ಅದೇ ವಾಕ್ಯಗಳು: ಸದರಿ ಮೇಷ್ಟ್ರು ಮದ್ಯಪಾನ ಮಾಡಿದ್ದು, ಸದರಿ ಮೇಷ್ಟ್ರು ತಾವಾಗಿಯೇ ಹೊರಟುಹೋಗಿದ್ದು. ಕೆಳಗೆ ಹುಡುಗನ ಹೆಸರು ಬರೆದು, ಸಹಿಗೆ ಜಾಗ ಬಿಟ್ಟಿದ್ದರು.

ಹುಡುಗ ಅದನ್ನು ಕೊನೆಯವರೆಗೂ ಓದಿದ. "ಇದು ನಾನು ಹೇಳಿದ್ದಲ್ಲ."

"ಯಾರು ಹೇಳಿದರೆ ಎಂತ? ನಿನ್ನ ಮನೆಯವರೇ ಹೇಳಿದ್ದಲ್ವಾ? ಹಾಕು."

"ಬೇರೆ ಕಾಗದ ಕೊಡಿ. ನಾನೇ ಬರೀತೇನೆ."

ಹೆಡ್ ಕಾನ್‌ಸ್ಟೇಬಲ್ ಲಾಠಿಯನ್ನು ಮೇಜಿಗೆ ಬಡಿದ. ಮಸಿ ಬುಡ್ಡಿ ಉರುಳಿತು. ಎದ್ದು ಬಂದು ಕೈ ಎತ್ತಿದ. ನಾನು ಮುಂದೆ ಹೋಗುವಷ್ಟರಲ್ಲಿ ಹುಡುಗ ಮುಖ ತಿರುಗಿಸಿ ಬಲಗೆನ್ನೆ ಕೊಟ್ಟ.

"ಹೊಡೆಯುವುದಾದರೆ ಈ ಕಡೆಗೆ ಹೊಡೆಯಿರಿ ಸ್ವಾಮಿ. ಆ ಕಡೆಯದ್ದು ಮೊದಲೇ ಹೋಗಿದೆ. ಆದರೆ ಕಾಗದ ಕೊಡಿ."

ಎತ್ತಿದ ಕೈ ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಹೆಡ್ ಕಾನ್‌ಸ್ಟೇಬಲ್ ನನ್ನ ಮುಖ ನೋಡಿದ, ಬಾಗಿಲ ಹತ್ತಿರದ ಪೊಲೀಸಿನ ಮುಖ ನೋಡಿದ, ಕೈ ಇಳಿಸಿ ಕಾಗದ ಕೊಟ್ಟ.

ಹುಡುಗ ಅಂಗಿಯೊಳಗಿದ್ದ ವರದಿಯನ್ನು ಹೊರಗೆ ತೆಗೆಯಲೇ ಇಲ್ಲ. ಬೆಂಚಿನ ತುದಿಯಲ್ಲಿ ಕುಳಿತು ಮೊದಲಿನಿಂದ ಬರೆದ. ತಾನು ಬಲಗೈ ಎಂದು ಹೇಳಿದ್ದನ್ನು ಬರೆದ, ಈ ಸಲ ಚಿಲಕವನ್ನೂ ಬರೆದ. ಕೊನೆಯಲ್ಲಿ ತನ್ನ ಹೆಸರು ಹಾಕಿ, ನಮ್ಮ ಕಡೆಯ ಪದ್ಧತಿಯಂತೆ ಅದರ ಹಿಂದೆ ಮಾವನ ಮನೆಯ ಹೆಸರನ್ನೂ ಸೇರಿಸಿದ. ಆ ಮನೆಗೆ ಅವನು ಇನ್ನು ಹೋಗುವಂತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು.